ಒತ್ತೆ ಹೋದ ಬಾಲಯೇಸು

ಒರೊಕೊವಿಸ್ ಗುಡ್ಡದ ಟಿಬುರ್ಸಿಯೊ ಇಷ್ಟು ವರ್ಷ ಕೆತ್ತಿದ ಸಂತರೆಲ್ಲ ಒಮ್ಮೆಗೇ ಸ್ವರ್ಗಕ್ಕೆ ಹೊರಟಿದ್ದರೆ ದೇವರೇ ಎದ್ದುನಿಂತು ಜಾಗ ಬಿಡಬೇಕಾಗುತ್ತಿತ್ತು. ಅವನು ಹೆರೆದೆಸೆದ ಮರದ ಚಕ್ಕೆಯ ಉರಿಯಲ್ಲಿ ಅರ್ಧ ಊರಿನ ಕಾಫಿ ಕುದಿಯುತ್ತಿತ್ತು. ಗುರುವಿಲ್ಲ, ಶಾಲೆಯಿಲ್ಲ, ಬಾಳೆಗೊನೆ ಕಡಿಯುವವನ ಜೇಬಿನಲ್ಲೊಂದು ಮಡಚುಚಾಕು, ಅಷ್ಟೆ. ಅವನನ್ನು ಸಂತಶಿಲ್ಪಿಯೆಂದು ಒಪ್ಪಿ ಅಂಗೈಯಗಲದ ಚೀಟಿಯೊಂದನ್ನು ಕೊಡಲು ರಾಜಧಾನಿಯ ಪರೀಕ್ಷಾ ಮಂಡಳಿ ಮಾತ್ರ ಹನ್ನೊಂದು ವರ್ಷದಿಂದ ಒಲ್ಲೆ ಎನ್ನುತ್ತಿತ್ತು. ಮೊದಲ ಸಲ “ಮೂಗು ಉದ್ದ” ಎಂದರು. ಮೂಗು ಗಿಡ್ಡ ಮಾಡಿಕೊಂಡು ಹೋದರೆ “ಗುರು ಯಾರು?” ಎಂದರು. ಮೂರನೆಯ ಸಲ ಅವರಿಗೆ ಊಟದ ಹೊತ್ತಾಗಿತ್ತು.

ಈ ಸಲ ಆರು ತಿಂಗಳು ಕೂತು ಸಂತ ಅಂತೋಣಿಯನ್ನು ಕೆತ್ತಿದ್ದ. ಸಂತನ ತೋಳಿಗೆ ಗೂಟ ಹೊಡೆದು ಸಿಕ್ಕಿಸಿದ ಬಾಲಯೇಸು ಹೆಬ್ಬೆರಳುದ್ದ. ಅದರ ಕಿರುಬೆರಳಿನ ಉಗುರೂ ಕಾಣುತ್ತಿತ್ತು, ಉಗುರಿನೊಳಗಿನ ಕೊಳೆಯೂ. ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ತೋಳು ಬರಿದು.

ಯಾರ ಕೆಲಸವೆಂದು ಕೇಳಬೇಕೆ? ವರ ಬೇಕಾದವರು, ಗಂಡು ಹುಡುಕಿಕೊಡಲೆಂದು ಅಂತೋಣಿಯ ಮಗುವನ್ನು ಒತ್ತೆಯಿಟ್ಟುಕೊಂಡು, ಮದುವೆಯಾದ ಮೇಲೆ ಮರಳಿಸುವುದು ಅಲ್ಲಿನ ರೂಢಿ. ಪಕ್ಕದ ಮನೆಯ ಪ್ರೂಡೆನ್ಸಿಯಾಳ ಮಗಳು ನೆರೇಡಾಗೆ ನಲವತ್ತೊಂದು.

“ಅಮ್ಮಾ ತಾಯಿ, ಮಗು ಕೊಡಿ. ಬಸ್ಸು ಬಂತು.”

“ಅಳಿಯ ಬರಲಿ, ಕೊಡ್ತೀನಿ.”

“ಇಗರ್ಜೀಲಿ ಆಳೆತ್ತರದ ಅಂತೋಣಿ ನಿಂತಿಲ್ವಾ? ಅವನದ್ದು ಕಿತ್ಕೊಳ್ಳಿ!”

“ಆ ಗಾರೆ ಬೊಂಬೆಗೆ ಏನ್ ಗೊತ್ತಾಗತ್ತೆ? ನಿಮ್ಮೋನ ಮುಖ ನೋಡಿ, ಮಗು ಇಲ್ದೆ ನಿನ್ನೆಯಿಂದ ಒಣಗಿಹೋಗಿದಾನೆ.”

“ಒಣಗಿರೋನು ನಾನು! ಬಿಡಿ, ಇನ್ನೊಂದು ಮಗು ಕೆತ್ತಿ ಸಿಕ್ಕಿಸ್ತೀನಿ.”

ಪ್ರೂಡೆನ್ಸಿಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. “ಅಯ್ಯೋ! ತೋಳು ತುಂಬಿದ್ಮೇಲೆ ಅವನು ನನ್ನ ಕೆಲಸ ಯಾಕೆ ಮಾಡ್ತಾನೆ? ನೆರೇಡಾಗೆ ಹೆಸರಿಡೋವಾಗ ಜ್ಞಾನತಂದೆ ಅಂತ ನಿಂತೋರು ನೀವೇ, ನೆನಪಿರಲಿ.”

ಬಸ್ಸಿನಲ್ಲಿ ಒಂದು ಮರದ ತುಂಡನ್ನೂ ಚಾಕುವನ್ನೂ ತೆಗೆದ. ಕಿಟಕಿಯಾಚೆ ನೆರೇಡಾ ನಾಚುತ್ತ ಕೈಬೀಸಿದಳು. ಚಾಕು ಮಡಚಿದ.

ಮಂಡಳಿಯ ಕನ್ನಡಕದ ಹೆಂಗಸು ಕೇಳಿದಳು: “ಮಗು ಎಲ್ಲಿ?”

“ಒತ್ತೆ ಹೋಗಿದೆ, ಮೇಡಂ.”

“ಎಲ್ಲಿಗೆ?”

“ಪಕ್ಕದ ಮನೆಗೆ.”

ಆಕೆ ‘ಅಪೂರ್ಣ’ ಎಂದು ಬರೆದಳು.

ಊರಿಗೆ ಮರಳಿದವನೇ ಟಿಬುರ್ಸಿಯೊ ಅಂತೋಣಿಯನ್ನು ನೀರಿನ ಪೀಪಾಯಿಯಲ್ಲಿ ತಲೆಕೆಳಗಾಗಿ ಅದ್ದಿದ. “ಚೀಟಿ ಕೊಡಿಸು! ಕೊಡಿಸೋವರೆಗೂ ಮುಳುಗಿರು!”

ಬೇಲಿ ದಾಟಿ ಓಡಿಬಂದ ಪ್ರೂಡೆನ್ಸಿಯಾ ಸಂತನನ್ನು ಎತ್ತಿ ಲಂಗದಲ್ಲಿ ಒರೆಸಿದಳು. “ಬಣ್ಣ ಹೋಗಲ್ವೇನ್ರೀ! ಮಗು ನನ್ನ ಹತ್ರ ಇರೋವರೆಗೂ ಇವನು ನನ್ನ ಕೆಲಸದ ಮೇಲಿದಾನೆ. ನಂದಾದ್ಮೇಲೆ ಮೇಲ್ಮನೆಯೋರ ಕಳೆದುಹೋದ ಹಸು. ಆಮೇಲೆ ಅಂಚೆಯೋನ ಉಂಗುರ. ಅವನ ಹಿಂದೆ ಇನ್ನೂ ಮೂವರು. ನಿಮ್ದು ಏಳನೇದು.”

“ನಾನು ಕೆತ್ತಿದ ಸಂತನ ಹತ್ರ ನಾನೇ ಏಳನೆಯೋನಾ?”

ಪ್ರೂಡೆನ್ಸಿಯಾ ಸಂತನ ಮೂಗಿನ ತುದಿಯ ನೀರೊರೆಸುತ್ತ ತುಸು ಯೋಚಿಸಿದಳು.

“ಕೆತ್ತಿದೋರು ಅಂತ, ಹೋಗ್ಲಿ, ಆರಕ್ಕೆ ಹಾಕ್ತೀನಿ.”