ಕೌದಿಯ ಮೇಲೆ ಬೀಳುವ ಅಭ್ಯಾಸ

ಮೊದಲು ನಾನು ಫೋನನ್ನೇ ಅನುಮಾನಿಸಿದೆ. ಎಡಗಿವಿಗೆ ಹಿಡಿದರೆ ಅವ್ವನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಬಲಗಿವಿಗೆ ಬದಲಾಯಿಸಿದರೆ ಸರಿಹೋಗುತ್ತಿತ್ತು. ಅಷ್ಟಾದ ಮೇಲಾದರೂ ತೊಂದರೆ ಕಿವಿಯಲ್ಲಿದೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಸ ಫೋನ್ ಕೊಂಡೆ.

ಆಮೇಲೆ ತಲೆ ಸುತ್ತು ಶುರುವಾಯಿತು. ಸುತ್ತು ಎನ್ನುವುದಕ್ಕಿಂತ ವಾಲುವುದು ಎನ್ನಬೇಕು. ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ನಮ್ಮ ಮನೆಯ ಮೆಟ್ಟಿಲು ಇಳಿಯುವಾಗ ಎಡಗಡೆಯ ಗೋಡೆ ತಾನಾಗಿ ಬಂದು ಭುಜಕ್ಕೆ ತಾಗುತ್ತಿತ್ತು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ಅವ್ವನಿಗೆ ಹೇಳಿದೆ. ಅವಳು ಫೋನಿನಲ್ಲೇ ರೋಗ ಪತ್ತೆ ಹಚ್ಚಿಬಿಟ್ಟಳು. ಪಿತ್ತ. ಬರೀ ಹೊಟ್ಟೆಯಲ್ಲಿ ಕಾಫಿ ಕುಡಿಯುವವರಿಗೆ ಇನ್ನೇನಾಗುತ್ತದೆ? ನಮ್ಮ ಮನೆಯಲ್ಲಿ ತಲೆ ಸುತ್ತಿದರೆ ಪಿತ್ತ, ತಲೆ ನೋವಾದರೆ ಪಿತ್ತ, ಸಿಟ್ಟು ಬಂದರೂ ಪಿತ್ತ. ನಾನು ಪಕ್ಕದೂರು ಲಿಸ್ಲ್‌ನ ಆಫೀಸಿನಲ್ಲಿ ಡೇಟಾ ನೋಡದೆ ಒಂದು ಮಾತನ್ನೂ ಒಪ್ಪದವಳು. ಆದರೂ ಬೇಸಿಗೆಯಿಡೀ ಕಾಫಿ ಬಿಟ್ಟು, ಜೀರಿಗೆ ಕಷಾಯ ಕುಡಿದು, ಕಡಿಮೆಯಾಗುತ್ತಿದೆ ಎಂದೇ ನಂಬಿಕೊಂಡೆ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತಷ್ಟೆ. ದುಃಖಕ್ಕೂ ಹೀಗಾಗುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ಅದನ್ನೂ ನಂಬಿದೆ.

ಕೊನೆಗೆ ನನ್ನ ಗಂಡ ಶ್ರೀಧರ ಇಎನ್‌ಟಿ ಡಾಕ್ಟರ ಬಳಿ ಎಳೆದುಕೊಂಡು ಹೋದ. ಹಿಯರಿಂಗ್ ಟೆಸ್ಟ್ ಆಯಿತು. ಎಂಆರ್‌ಐ ಆಯಿತು.

ಅಕೂಸ್ಟಿಕ್ ನ್ಯೂರೋಮಾ.

ಎಡಗಿವಿಯ ಒಳಗೆ, ಬ್ಯಾಲೆನ್ಸ್ ನರದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ ಎಂದು ಸರ್ಜನ್ ಒತ್ತಿ ಹೇಳಿದರು. ಆದರೆ ಬೆಳೆದು ಮಿದುಳಿನ ಕಡೆ ಒತ್ತುತ್ತಿದೆ, ತೆಗೆಯಲೇಬೇಕು. ತೆಗೆದರೆ ಆ ಕಿವಿ ಹೋಗುತ್ತದೆ, ಆ ಕಡೆಯ ಬ್ಯಾಲೆನ್ಸ್ ನರವೂ ಹೋಗುತ್ತದೆ. ಪಕ್ಕದಲ್ಲೇ ಹಾದುಹೋಗುವ ಮುಖದ ನರವನ್ನು ಉಳಿಸಲು ಎಲ್ಲ ಪ್ರಯತ್ನ ಮಾಡುತ್ತೇವೆ ಎಂದರು. ಏನಾದರೂ ಕೇಳುವುದಿದೆಯೇ ಅಂದಾಗ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

ಸ್ಕೀಯಿಂಗ್ ಮಾಡಬಹುದಾ?

ಮೊದಲು ನೆಟ್ಟಗೆ ನಡೆಸೋಣ, ಆಮೇಲೆ ನೋಡೋಣ ಎಂದು ಅವರು ನಕ್ಕರು. ಮೈಸೂರಿನವನಾದ ಶ್ರೀಧರನಿಗೆ ಚಳಿಗಾಲವೆಂದರೆ ಡ್ರೈವ್‌ವೇಯಿಂದ ಹಿಮ ಎತ್ತಿಹಾಕುವ ಶಿಕ್ಷೆ. ಅವನು ನಗಲಿಲ್ಲ. ಕಾರಿನಲ್ಲಿ ಕೂತ ಮೇಲೆ, "ತಲೆ ಓಪನ್ ಮಾಡ್ತೀವಿ ಅಂತಿದಾರೆ, ನೀನು ಜಾರಾಟದ ಬಗ್ಗೆ ಕೇಳ್ತೀಯಲ್ಲ ಸುಮಾ," ಅಂದ. ನನಗೆ ಆಗ ವಿವರಿಸಲು ಬರಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಅಪ್ಪ ಬಾಗಲಕೋಟೆಯ ಬಿಸಿಲಿನಲ್ಲಿ ಬೆಳೆದವನು. ಕಾರು ತಯಾರಿಸುವ ಕಂಪನಿಗೆ ಎಂಜಿನಿಯರಾಗಿ ಡೆಟ್ರಾಯಿಟ್‌ಗೆ ಬಂದ. ನಲವತ್ತು ದಾಟಿದ ಮೇಲೆ ಒಮ್ಮೆ ಆಫೀಸಿನವರ ಜೊತೆ ಸ್ಕೀಯಿಂಗ್‌ಗೆ ಹೋಗಿ, ದಿನವೆಲ್ಲ ಬಿದ್ದು, ಕುಂಟುತ್ತ ಮನೆಗೆ ಬಂದವನು ಮುಂದಿನ ವಾರ ಮತ್ತೆ ಹೋದ. ಅದರ ಮುಂದಿನ ವಾರ ನನ್ನನ್ನೂ ಕರೆದುಕೊಂಡು ಹೋದ. ಮಿಶಿಗನ್ನಿನ ಆ ಗುಡ್ಡವನ್ನು ಕೊಲೊರಾಡೊದವರು ನೋಡಿದರೆ ದಿಬ್ಬ ಎನ್ನುತ್ತಾರೆ. ಅಪ್ಪನಿಗೆ ಅದೇ ಹಿಮಾಲಯ. ಹಣೆಗೆ ವಿಭೂತಿ, ಅದರ ಮೇಲೆ ಮಂಕಿ ಕ್ಯಾಪ್, ಅದರ ಮೇಲೆ ಹೆಲ್ಮೆಟ್. ಜೇಬಿನಲ್ಲಿ ಶೇಂಗಾ ಚಟ್ನಿ ಹಚ್ಚಿ ಸುತ್ತಿದ ಚಪಾತಿ. ತಂತಿಗೆ ತೂಗುವ ಚೇರ್‌ಲಿಫ್ಟ್‌ನಲ್ಲಿ ಕೂತು ಮೇಲೆ ಹೋಗುತ್ತ ಇಬ್ಬರೂ ಅದನ್ನು ತಿನ್ನುತ್ತಿದ್ದೆವು. ಮನೆಯಲ್ಲಿ ಮಾತೇ ಆಡದ ಮನುಷ್ಯ, ಆ ಲಿಫ್ಟ್‌ನಲ್ಲಿ ಮಾತ್ರ ತನ್ನ ತಂದೆಯ ಕಥೆ, ಆಫೀಸಿನಲ್ಲಾದ ಅವಮಾನ, ಬಿಟ್ಟುಬಂದ ಗೆಳೆಯರು, ಎಲ್ಲ ಹೇಳುತ್ತಿದ್ದ. ಮದುವೆಯಾಗಿ ಶಿಕಾಗೋ ಕಡೆ ಬಂದ ಮೇಲೂ ನಾನು ಚಳಿಗಾಲ ಬಂತೆಂದರೆ ಕಾರು ಹತ್ತಿ ಅಲ್ಲಿಗೆ ಓಡುತ್ತಿದ್ದೆ. ಅವ್ವ ಮಾತ್ರ ಒಂದು ದಿನವೂ ಬರಲಿಲ್ಲ. ಹೆಣ್ಣುಮಗಳ ಕೈಕಾಲು ಮುರಿಸುತ್ತೀರಿ ಎಂದು ಪ್ರತಿ ಸಲ ಅಪ್ಪನ ಮೇಲೆ ಹರಿಹಾಯುತ್ತಿದ್ದಳು.

ಅಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋದ. ಮಾತಿಗೂ ಸಮಯ ಸಿಗಲಿಲ್ಲ. ಆ ಚಳಿಗಾಲ ನಾನೊಬ್ಬಳೇ ಗುಡ್ಡಕ್ಕೆ ಹೋಗಿ, ಲಿಫ್ಟ್‌ನಲ್ಲಿ ಜೋರಾಗಿ ಅತ್ತು, ಜಾರಿ ಇಳಿಯುವಷ್ಟರಲ್ಲಿ ಸಮಾಧಾನವಾಗಿ, ಮನೆಗೆ ಬಂದೆ. ಅಪ್ಪ ನನಗೆ ಸಿಗುವ ಜಾಗ ಅದೊಂದೇ ಆಗಿತ್ತು. ಸ್ಕೀಯಿಂಗ್ ಕೈತಪ್ಪಿದರೆ ಅಪ್ಪನನ್ನು ಎರಡನೇ ಸಲ ಕಳೆದುಕೊಳ್ಳುತ್ತೇನೆ ಎನ್ನುವುದು ನನ್ನ ಭಯ. ಗಡ್ಡೆಗಿಂತ ದೊಡ್ಡ ಭಯ.

ಸರ್ಜರಿ ದಿನವಿಡೀ ನಡೆಯಿತಂತೆ. ಎಚ್ಚರವಾದಾಗ ಮಂಚ, ಕಿಟಕಿ, ಶ್ರೀಧರ ಎಲ್ಲ ಗಿರಗಿರ ತಿರುಗುತ್ತಿದ್ದವು. ವಾಂತಿಯಾಯಿತು. ನರ್ಸ್ ಬಂದು ನಗು ಅಂದಳು. ನಕ್ಕೆ. ಮುಖದ ಎರಡೂ ಕಡೆ ನಕ್ಕವು; ಮುಖದ ನರ ಉಳಿದಿತ್ತು.

ಶ್ರೀಧರ ಅತ್ತುಬಿಟ್ಟ.

ಎಡಗಡೆ ಮಾತ್ರ ಪೂರ್ತಿ ಮೌನ. ಈಗಲೂ ಅಷ್ಟೆ. ಗದ್ದಲದ ಹೋಟೆಲಿನಲ್ಲಿ ಯಾರು ಎಲ್ಲಿಂದ ಕರೆದರು ಎಂದು ತಿಳಿಯದೆ ಸುತ್ತ ನೋಡುತ್ತೇನೆ.

ಮನೆಗೆ ಬಂದ ಮೇಲೆ ಅವ್ವ ಬಂದು ಉಳಿದಳು. ನಾನು ಎದ್ದರೆ ಅವಳೂ ಏಳುತ್ತಿದ್ದಳು. ಅಂಬೆಗಾಲಿನ ಮಗುವಿನ ಹಿಂದೆ ಹೋಗುವಂತೆ ಎರಡೂ ಕೈ ಚಾಚಿಕೊಂಡು ಬಾತ್‌ರೂಮಿನವರೆಗೂ ಬರುತ್ತಿದ್ದಳು. ನನಗೂ ಗೋಡೆ ಬಿಡುವ ಧೈರ್ಯವಿರಲಿಲ್ಲ. ಉಳಿದ ಕಿವಿ, ಕಣ್ಣು, ಪಾದ ಸೇರಿ ಮಿದುಳಿಗೆ ಹೊಸದಾಗಿ ಬ್ಯಾಲೆನ್ಸ್ ಕಲಿಸಬೇಕು, ಅದಕ್ಕೆ ಫಿಸಿಕಲ್ ಥೆರಪಿ. ಥೆರಪಿಸ್ಟ್ ಕ್ಯಾರೆನ್ ಬಹಳ ತಾಳ್ಮೆಯವಳು. ತಿಂಗಳುಗಳು ಕಳೆದರೂ ನಾನು ಕೋಲಿನಂತೆ ಸೆಟೆದು ನಡೆಯುವುದನ್ನು ಕಂಡು ಒಂದು ದಿನ ನೇರವಾಗಿ ಹೇಳಿದಳು. ನೀನು ನಡೆಯುವುದರ ಕಡೆ ಗಮನ ಕೊಡುತ್ತಿಲ್ಲ, ಬೀಳಬಾರದು ಎನ್ನುವುದರ ಕಡೆಗೇ ಎಲ್ಲ ಗಮನ, ಅದಕ್ಕೇ ಮೈ ಬಗ್ಗುತ್ತಿಲ್ಲ.

ಆಗ ನೆನಪಾಯಿತು. ಮೊದಲ ದಿನ ಅಪ್ಪ ನನ್ನನ್ನು ಗುಡ್ಡ ಹತ್ತಿಸಿರಲೇ ಇಲ್ಲ. ಕಾಲಿಗೆ ಸ್ಕೀ ಕಟ್ಟಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, "ಮೊದಲ ಬೀಳು. ಎಡಕ್ಕ ಒಮ್ಮೆ, ಬಲಕ್ಕ ಒಮ್ಮೆ. ನಿಲ್ಲೂದು ಆಮ್ಯಾಲೆ ನೋಡೋಣು," ಅಂದಿದ್ದ. ನಮ್ಮ ಸುತ್ತ ಎಲ್ಲರ ಮಕ್ಕಳೂ ಜಾರುವುದನ್ನು ಕಲಿಯುತ್ತಿದ್ದರು. ನಾನು ಇಡೀ ಮಧ್ಯಾಹ್ನ ಬೀಳುವುದನ್ನೇ ಕಲಿತೆ.

ಕ್ಯಾರೆನ್‌ಗೆ ಹೇಳಿದೆ. ಅವಳಿಗೆ ಖುಷಿಯಾಯಿತು. ಸರ್ಜನ್‌ರನ್ನು ಕೇಳಿ, ಹೇಗೆ ಬೀಳಬೇಕೆಂದು ತಾನೇ ತೋರಿಸಿಕೊಟ್ಟಳು. ಮೊದಲು ಮಂಡಿಯೂರಿ, ಆಮೇಲೆ ನಿಂತು, ಸೊಂಟದ ಪಕ್ಕಕ್ಕೆ, ತಲೆ ತಗುಲದ ಹಾಗೆ. ಮನೆಯ ಬೇಸ್‌ಮೆಂಟಿನಲ್ಲಿ ಅಭ್ಯಾಸಕ್ಕೆ ಮೆತ್ತಗಿನ ಜಾಗ ಬೇಕಿತ್ತು. ಅವ್ವ ಹಳೇ ಸೀರೆಗಳನ್ನು ಜೋಡಿಸಿ ಹೊಲಿದು ನನಗೆ ಕೊಟ್ಟಿದ್ದ ಕೌದಿಗಳಿದ್ದವು. ಎಲ್ಲವನ್ನೂ ಕಾರ್ಪೆಟ್ ಮೇಲೆ ಒಂದರ ಮೇಲೊಂದು ಹಾಸಿ ಬಿದ್ದೆ.

ಮೊದಲ ಸಲ ಅವ್ವ ಶಿವಶಿವಾ ಎಂದು ಕಣ್ಣು ಮುಚ್ಚಿಕೊಂಡಳು. ಗಂಡ ಹೋದ, ಮಗಳಿಗೆ ಹುಚ್ಚು ಹಿಡಿಯಿತು ಎಂದು ಶ್ರೀಧರನ ಹತ್ತಿರ ದೂರು ಕೊಟ್ಟಳು. ವಾರ ಕಳೆಯುವುದರೊಳಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ತಪ್ಪು ಹಿಡಿಯತೊಡಗಿದಳು.

"ಎಡಕ್ಕ ಸರಿಯಾಗಿ ಬೀಳಲಿಲ್ಲ ನೀ. ಅಂಜಿದಿ. ಮತ್ತೊಮ್ಮೆ ಬೀಳು."

ನನಗೆ ನಗು ತಡೆಯಲಾಗಲಿಲ್ಲ. ಕೌದಿಯ ಮೇಲೆ ಮಲಗಿಕೊಂಡೇ ನಕ್ಕೆ. ಅವಳೂ ನಕ್ಕಳು. ಅಪ್ಪ ಹೋದ ಮೇಲೆ ನಾವಿಬ್ಬರೂ ಸೇರಿ ಹಾಗೆ ನಕ್ಕಿರಲಿಲ್ಲ. ಆಮೇಲೆ ಅವಳು ನನ್ನ ಹಿಂದೆ ಕೈ ಚಾಚಿಕೊಂಡು ಬರುವುದನ್ನು ಬಿಟ್ಟಳು, ನಾನು ಗೋಡೆ ಬಿಟ್ಟೆ. ನಮ್ಮ ಬಡಾವಣೆಯ ಸುತ್ತ ನಡೆದೆ. ಕಾರು ಓಡಿಸಿದೆ. ಕತ್ತಲಲ್ಲಿ ಈಗಲೂ ವಾಲುತ್ತೇನೆ, ಅದು ಹೀಗೇ ಇರುತ್ತದಂತೆ.

ಈ ಚಳಿಗಾಲ ಸರ್ಜನ್ ಒಪ್ಪಿದರು. ಹೆಲ್ಮೆಟ್ ಬೇಕೇ ಬೇಕು. ಸುಲಭದ ಇಳಿಜಾರು ಮಾತ್ರ, ಬಿಸಿಲಿರುವ ದಿನ ಮಾತ್ರ. ಮೋಡವಿದ್ದರೆ ನೆಲವೂ ಆಕಾಶವೂ ಒಂದೇ ಬಿಳಿ, ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅಷ್ಟರಲ್ಲಿ ಅವ್ವ ವಾಪಸಾಗಿದ್ದ ಟ್ರಾಯ್‌ಗೆ ಶ್ರೀಧರನೂ ನಾನೂ ಹೋದೆವು. ಗುಡ್ಡಕ್ಕೆ ಹೊರಟಾಗ ಅವ್ವ ಬೂಟು ಹಾಕಿಕೊಂಡು ಮೊದಲೇ ಕಾರಿನಲ್ಲಿ ಕೂತಿದ್ದಳು.

ಹೊಸಬರು ಕಲಿಯುವ ಇಳಿಜಾರು. ಪುಟ್ಟ ಮಕ್ಕಳು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಎಡಗಡೆಯಿಂದ ಬಂದವರು ಸದ್ದೇ ಇಲ್ಲದೆ ಕಣ್ಣೆದುರು ಮೂಡುತ್ತಿದ್ದರು. ಮೊದಲ ತಿರುವಿನಲ್ಲಿ ಬಿದ್ದೆ. ಎದ್ದೆ. ಮಂಡಿ ಬಗ್ಗಿಸಿ, ದೂರದ ಮರ ನೋಡುತ್ತ, ಉಸಿರು ಬಿಗಿಹಿಡಿದು, ಹೇಗೋ ಕೆಳಗೆ ಬಂದು ನಿಂತ ಮೇಲೆ ತಿಳಿಯಿತು: ಇಳಿಯುವಾಗ ಒಂದು ಗಳಿಗೆಯೂ ನನಗೆ ಅಪ್ಪನ ನೆನಪಾಗಿರಲಿಲ್ಲ. ಬರೀ ಹೆದರಿದ್ದೆ, ಆಮೇಲೆ ಬರೀ ಖುಷಿಯಾಗಿದ್ದೆ. ಅವನನ್ನು ಕಳೆದುಕೊಂಡೆ ಎಂದು ಅನ್ನಿಸಲೇ ಇಲ್ಲ. ಎದೆ ಹಗುರವಾಗಿತ್ತು.

ಅವ್ವ ಶ್ರೀಧರನ ತೋಳು ಹಿಡಿದುಕೊಂಡು ಹಿಮದಲ್ಲಿ ನಿಂತಿದ್ದಳು. ಹತ್ತಿರ ಬಂದು, ಕೇಳುವ ಕಿವಿಯ ಕಡೆಗೆ ತಿರುಗಿ ನಿಂತಳು.

"ಅಂಜಿಕಿ ಆತೇನು?"

"ಆತು."

"ಭಾಳ ಛಲೋ ಅನಿಸ್ತೇನು?"

"ಹೂಂ ಬೇ ಅವ್ವ."

ನನ್ನ ಜಾಕೆಟ್ ಮೇಲಿನ ಹಿಮ ಕೊಡವಿದಳು. ಗುಡ್ಡದ ಕಡೆ ನೋಡಿದಳು.

"ಹಂಗಾರ ಇನ್ನೊಂದು ಸಲ ಹೋಗಿ ಬಾ. ನಾ ಇಲ್ಲೇ ನಿಂತು ನೋಡ್ತೀನಿ."