ಗುಲ್ಮಾರ್ಗಿಗೆ ನಾನು ಕಂಬಳಿ ಪ್ಯಾಂಟು ತೊಟ್ಟು ಹೋದದ್ದು

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಪ್ಯಾಂಟು ಗೋಡೆ ಪಕ್ಕ ತಾನಾಗಿಯೇ ನಿಂತಿತ್ತು. ಒಳಗೆ ನಾನಿರಲಿಲ್ಲ.

ಜಾಗ ಗುಲ್ಮಾರ್ಗ್, ಕಾಶ್ಮೀರ. ಹೊರಗೆ ಸೊಂಟದ ತನಕ ಹಿಮ. ಹಿಂದಿನ ದಿನವಷ್ಟೇ ಜೀವನದಲ್ಲಿ ಮೊದಲ ಸಲ ಸ್ಕೀ ಕಟ್ಟಿಕೊಂಡಿದ್ದೆ... ಎರಡು ಉದ್ದನೆ ಮರದ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು ಗುಡ್ಡದ ಮೇಲಿಂದ ಜಾರುವ ಇಂಗ್ಲಿಷರ ಆಟ.

ಜಾರಿದೆನೇ ಅಂತ ಕೇಳಬೇಡಿ. ಕೋರ್ಟಿನ ಸಮನ್ಸಿಗಿಂತ ಬೇಗ ಜಾರಿಯಾದೆ.

ಮದರಾಸಿನ ನಮ್ಮ ಕಾಲೇಜಿನ ಫಿಸಿಕ್ಸ್ ಪ್ರೊಫೆಸರು ಚಳಿಗಾಲದ ರಜೆಯಲ್ಲಿ ಇಬ್ಬರು ಹುಡುಗರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಆ ವರ್ಷ ರಾಯದುರ್ಗದ ನಾನು, ಮಡಕಶಿರಾದ ರಂಗಪ್ಪ. ಇಬ್ಬರೂ ಹುಟ್ಟಿದ ಮೇಲೆ ಹಿಮ ನೋಡಿದವರಲ್ಲ.

ಒಂದು ಷರತ್ತಿತ್ತು. ಮೂರನೇ ದಿನ ಸಂಜೆ, ಕಲಿಸುವ ಮೇಜರ್ ಸಾಹೇಬರ ಕಣ್ಣೆದುರು, ಸಣ್ಣ ಇಳಿಜಾರನ್ನು ಮೂರು ಸಲ ಬೀಳದೆ ಇಳಿಯಬೇಕು. ಇಳಿದವರಿಗೆ ಮಾತ್ರ ಮರುದಿನ ಪ್ರೊಫೆಸರ ಜೊತೆ ಬೆಟ್ಟದ ಮೇಲಿನ ಗುಡಿಸಲಿಗೆ ಹೋಗುವ ಯೋಗ.

ಅಲ್ಲಿಂದ ಹಿಮಾಲಯದ ದೊಡ್ಡ ಶಿಖರ ನಂಗಾ ಪರ್ಬತ ಕಾಣುತ್ತದಂತೆ. ನಾನು ಊರಿಂದ ಹೊರಟದ್ದೇ ಅದನ್ನು ನೋಡೋದಕ್ಕೆ.

ಏನೇನು ತರಬೇಕು ಅಂತ ಪ್ರೊಫೆಸರು ಟೈಪ್ ಮಾಡಿಸಿ ಕೊಟ್ಟಿದ್ದರು. ಉಣ್ಣೆಯ ಕಾಲುಚೀಲ ಎರಡೆರಡು ಜೊತೆ, ಕೈಗವಸು, ಕಪ್ಪು ಕನ್ನಡಕ, ಮುಖಕ್ಕೆ ಹಚ್ಚಲು ಜಿಡ್ಡು. ಕೊನೆಯಲ್ಲಿ: ಮೇಲುಡುಪು ನುಣುಪಾದ, ಒತ್ತು ನೇಯ್ಗೆಯ ಬಟ್ಟೆಯದ್ದಾಗಿರಲಿ.

ರಂಗಪ್ಪ ಬರೆದದ್ದನ್ನು ಬರೆದ ಹಾಗೇ ಬೆಂಗಳೂರಿನಲ್ಲಿ ಹೊಲಿಸಿಕೊಂಡ.

ನಾನು? ರಜೆಗೆ ಊರಿಗೆ ಬಂದವನು ನೇರ ಪಕ್ಕದ ಗುಮ್ಮಘಟ್ಟಕ್ಕೆ ಹೋದೆ. ನಮ್ಮ ಕಡೆ ಚಳಿ, ಮಳೆ, ಜಾಲಿಮುಳ್ಳು ಮೂರಕ್ಕೂ ಉತ್ತರ ಒಂದೇ, ಕಂಬಳಿ. ಅದನ್ನು ನೇಯುವ ಮಲ್ಲಪ್ಪಜ್ಜನಿಗೆ ಹಿಮದ ಮಹಿಮೆ ವಿವರಿಸಿದೆ.

ಅಜ್ಜ ನಕ್ಕುಬಿಟ್ಟ. "ಹಿಮ ಅಂದ್ರ ಗಟ್ಟಿಯಾದ ನೀರೇ ಅಲ್ಲೇನ್ರಿ, ಸಣ್ಣ ಸಾವ್ಕಾರ್ರೆ? ನಮ್ಮ ಕಂಬಳ್ಯಾಗ ಮೆತ್ತನ್ನ ನೀರೇ ಇಳಿಯಂಗಿಲ್ಲ, ಗಟ್ಟಿ ನೀರು ಎಲ್ಲಿಂದ ಇಳೀತದ್ರಿ?"

ತರ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಫಿಸಿಕ್ಸ್ ಓದುತ್ತಿದ್ದವನು ನಾನು.

ಮಳೆ ನೀರು ಇಳಿಯದ ಹಾಗೆ ಕಂಬಳಿಗೆ ಹುಣಸೆಬೀಜದ ಗಂಜಿ ಬಳಿದು ಒಣಗಿಸುವುದು ನಮ್ಮಲ್ಲಿ ವಾಡಿಕೆ. ದೂರದ ಪ್ರಯಾಣ ಅಂತ ಅಜ್ಜ ಪ್ರೀತಿಯಿಂದ ಎರಡು ಸಲ ಬಳಿದ. ರಾಯದುರ್ಗದ ದರ್ಜಿ ಎರಡು ಸೂಜಿ ಮುರಿದು ಕೋಟು, ಪ್ಯಾಂಟು ಹೊಲಿದ.

ಮೊದಲ ದಿನ ಬಿದ್ದಾಗಲೆಲ್ಲ ಹಿಮ ಕಂಬಳಿಯ ಕೂದಲಿಗೆ ಕಚ್ಚಿಕೊಂಡಿತು. ಬೆಂಗಳೂರಿನ ಬಟ್ಟೆ ತೊಟ್ಟ ರಂಗಪ್ಪ ಬಿದ್ದು, ಎದ್ದು, ಒಮ್ಮೆ ಕೊಡವಿದರೆ ಚೊಕ್ಕಟ. ನಾನು ಏಳುವಾಗಲೆಲ್ಲ ಅರ್ಧ ಕಾಶ್ಮೀರ ನನ್ನ ಜೊತೆ ಏಳುತ್ತಿತ್ತು.

ಆಮೇಲೆ ಆ ಹಿಮ ಮೈ ಬಿಸಿಗೆ ಕರಗಿತು. ಗಂಜಿಯೂ ಕರಗಿತು. ತೊಡೆಗೆ ತೊಡೆ ಅಂಟಿಕೊಂಡು, ನಾನು ಒಂದು ಕಾಲಿನ ಮನುಷ್ಯನ ಹಾಗೆ ಬಿಡಾರಕ್ಕೆ ಬಂದೆ.

ಸಂಜೆ ಬಿಚ್ಚಿ ಗೋಡೆಗೆ ಒರಗಿಸಿದೆ. ಬೆಳಗಾಗುವುದರಲ್ಲಿ ಅದು ಹಲಗೆ.

"ಲೋ, ಪ್ಯಾಂಟೇ ನಿನಗಿಂತ ನೆಟ್ಟಗೆ ನಿಂತೈತಲ್ಲೋ! ಅದನ್ನೇ ಕಳ್ಸು, ಪಾಸಾಗಿ ಬತ್ತದೆ," ಅಂದ ರಂಗಪ್ಪ.

ಮೇಜರ್ ಸಾಹೇಬರು ಬಂದು, ಕೋಲಿನಿಂದ ಪ್ಯಾಂಟನ್ನು ಎರಡು ಸಲ ತಟ್ಟಿ, ಇದನ್ನು ತೊಟ್ಟರೆ ಇಳಿಜಾರಿನ ಹತ್ತಿರ ಬರಬೇಡ ಅಂದರು.

ಎರಡನೇ ದಿನ ಪೂರ್ತಿ ನಾನು ಅಡುಗೆಮನೆಯಲ್ಲಿ. ಅಡುಗೆಯವನು ಕಾಯಿಸಿಕೊಟ್ಟ ನೀರಲ್ಲಿ ತೊಳೆದೆ, ಹಿಂಡಿದೆ, ಮತ್ತೆ ತೊಳೆದೆ. ಹುಣಸೆಬೀಜದ ಲೋಳೆ ನಾಲ್ಕು ಬಕೆಟ್ಟು ಬಂತು. ಕಿಟಕಿಯಾಚೆ ರಂಗಪ್ಪ ತಿರುಗೋದು, ನಿಲ್ಲೋದು ಕಲೀತಿದ್ದಾನೆ... ನಾನು ಹಿಂಡುತ್ತಿದ್ದೇನೆ.

ಗಂಜಿ ಹೋದ ಮೇಲೆ ಕಂಬಳಿ ಒಲೆ ಮುಂದೆ ಒಣಗಿ ಮೆತ್ತಗಾಯಿತು. ಮೂರನೇ ದಿನ ಅದನ್ನು ಒಳಗೆ ತೊಟ್ಟು, ಹಾಸಿಗೆ ಸುತ್ತುವ ಹೋಲ್ಡಾಲಿನ ಕ್ಯಾನ್ವಾಸ್ ಕತ್ತರಿಸಿ, ಅದಕ್ಕೆ ಮೇಣದಬತ್ತಿ ಉಜ್ಜಿ, ಮೇಲೆ ಬೆಲ್ಟಿನಿಂದ ಕಟ್ಟಿಕೊಂಡೆ. ನೋಡಲು ಪಾರ್ಸೆಲ್ಲು. ಆದರೆ ಹಿಮ ಅಂಟಲಿಲ್ಲ, ಚಳಿಯೂ ಆಗಲಿಲ್ಲ.

ಸಂಜೆ ಪರೀಕ್ಷೆ. ರಂಗಪ್ಪ ಮೂರಕ್ಕೆ ಮೂರು.

ನಾನು ಒಂದು ಸಲ ಇಳಿದೆ. ಎರಡನೇ ಸಲವೂ ಇಳಿದೆ. ಮೂರನೇ ಸಲ, ಇನ್ನೇನು ಮುಗೀತು ಅನ್ನುವಾಗ, ನಿಲ್ಲೋದು ಹೇಗೆ ಅಂತ ಕಲಿತಿಲ್ಲ ಅನ್ನೋದು ನೆನಪಾಯಿತು. ಸೀದಾ ಮೇಜರ್ ಸಾಹೇಬರ ಪಾದಕ್ಕೆ ಸಾಷ್ಟಾಂಗ.

ಕೈಹಿಡಿದು ಎಬ್ಬಿಸಿದರು. ಇನ್ನೊಂದು ದಿನ ಸಿಕ್ಕಿದ್ದರೆ ಕಲಿಯುತ್ತಿದ್ದೆ, ಬರುವ ವರ್ಷ ಬಾ ಅಂದರು. ಬರುವ ವರ್ಷ ಓದು ಮುಗಿದು ನಾನು ಅಪ್ಪನ ಅಂಗಡಿಯಲ್ಲಿರುತ್ತೇನೆ.

ಮರುದಿನ ಅವರೆಲ್ಲ ಮೇಲೆ ಹೋದರು. ನಾನು ಎರಡು ದಿನ ಒಬ್ಬನೇ ಅದೇ ಇಳಿಜಾರಿನಲ್ಲಿ ಹತ್ತಿದೆ, ಬಿದ್ದೆ, ಹತ್ತಿದೆ.

ಎರಡನೇ ದಿನ ಮಧ್ಯಾಹ್ನ ಮೂರು ಸಲ ಇಳಿದೆ, ಒಂದರ ಹಿಂದೆ ಒಂದು. ಬೀಳಲಿಲ್ಲ. ಕೆಳಗೆ ನಿಲ್ಲಬೇಕಾದ ಕಡೆ ನಿಂತೆ ಕೂಡ! ಸುತ್ತ ನೋಡಿದೆ. ಅಡುಗೆಯವನು ಬಾಗಿಲಲ್ಲಿ ಕೂತು ಬೆನ್ನು ತಿರುಗಿಸಿಕೊಂಡು ಆಲೂಗಡ್ಡೆ ಸುಲಿಯುತ್ತಿದ್ದ.

ಸಂಜೆ ರಂಗಪ್ಪ ಬಂದ. "ಕಾಣಿಸ್ತೇನೋ, ನಂಗಾ ಪರ್ಬತ?" ಅಂತ ಓಡಿಹೋಗಿ ಕೇಳಿದೆ.

"ಎಲ್ಲೀದು ಬಿಡ್ಲಾ, ಎರಡು ದಿನಾನೂ ಮೋಡ."

ನಾನು ಮೂರು ಸಲ ಬೀಳದೆ ಇಳಿದೆ ಅಂದೆ.

"ಯಾರು ನೋಡಿದ್ರು?" ಅಂದ.

ನೀವೇ ಹೇಳಿ... ಯಾರೂ ನೋಡದಾಗ ಬೀಳದೆ ಇಳಿದದ್ದು ಇಳಿದ ಹಾಗೋ, ಅಲ್ಲವೋ?