ಕಿವಿಯ ಹಿಂದಿನ ಕೈ

ಇವತ್ತು ಅಲ್ ಕುಸೈಸ್ ಸಿಗ್ನಲಿನಲ್ಲಿ ಕುರಿ ತುಂಬಿದ ಪಿಕಪ್ಪೊಂದು ನನ್ನ ಕಾರಿನ ಪಕ್ಕ ಬಂದು ನಿಂತಿತು. ನಾನು ಗಾಜು ಇಳಿಸಬಾರದಿತ್ತು. ಬೆವೆತ ಉಣ್ಣೆಯ ಆ ವಾಸನೆ ಅಪ್ಪನ ಅಂಗಿಯ ವಾಸನೆ.

ಉಳ್ಳಾಲದಿಂದ ಗಲ್ಫಿಗೆ ಬಂದ ಅಪ್ಪ ಇಲ್ಲಿನ ಕುರಿ ಮಾರುಕಟ್ಟೆಯಲ್ಲಿ ಕೆಲಸಕ್ಕಿದ್ದರು. ಶಾಲೆಗೆ ರಜೆಯಿದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಮೇವು ಬಿಟ್ಟು ಮಲಗಿದ ಕುರಿಯ ಕಿವಿಯ ಹಿಂದೆ ಅಪ್ಪ ತಮ್ಮ ಒರಟು ಅಂಗೈ ಇಟ್ಟು, ಬ್ಯಾರಿ ಭಾಷೆಯಲ್ಲಿ ಏನೋ ಗುನುಗುತ್ತಾ ಹೊಟ್ಟೆ ನೀವುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಎದ್ದು ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಅಪ್ಪ ಮುಟ್ಟಿದ್ದೆಲ್ಲ ಬದುಕುತ್ತದೆ ಎಂದೇ ನಾನು ನಂಬಿದ್ದೆ.

ಬಕ್ರೀದಿನಂದು ಕೊಯ್ಯುವುದಕ್ಕೂ ಮಾಲೀಕರು ಅವರನ್ನೇ ಕರೆಯುತ್ತಿದ್ದರು. ಅಪ್ಪ ಕುರಿಗೆ ಮೊದಲು ನೀರು ಕುಡಿಸಿ, ಅದೇ ಕೈಯನ್ನು ಅದೇ ಕಿವಿಯ ಹಿಂದೆ ಇಟ್ಟು ಹಾಗೆಯೇ ಗುನುಗುತ್ತಿದ್ದರು. ಅದು ಕಣ್ಣು ಅರೆಮುಚ್ಚುತ್ತಿತ್ತು. ಕುರಿಗೆ ಕಾಣಬಾರದೆಂದು ಕತ್ತಿಯನ್ನು ಇನ್ನೊಂದು ಕೈಯಲ್ಲಿ, ಬೆನ್ನ ಹಿಂದೆ ಹಿಡಿದಿರುತ್ತಿದ್ದರು.

ಒಮ್ಮೆ ಕೊಯ್ದಾದ ಮೇಲೆ ಕೇಳಿದೆ, “ಅದಕ್ಕೆ ಎಂತ ಹೇಳಿದ್ದು?”

“ಹೆದರ್ಬೇಡ, ನಾನಿದ್ದೇನೆ ಅಂತ.”

“ಸುಳ್ಳಲ್ವಾ ಅದು?”

“ಸುಳ್ಳು ಎಂತಕ್ಕೆ? ನಾನು ಇದ್ದೆ ಅಲ್ವಾ?” ಎಂದು ಅಪ್ಪ ಕೈ ತೊಳೆಯಲು ಹೋದರು.

ಈಗ ಅವರು ನಮ್ಮ ಫ್ಲ್ಯಾಟಿನಲ್ಲಿ ಮಲಗಿದಲ್ಲೇ ಇದ್ದಾರೆ. ಇನ್ನು ಮದ್ದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಇವತ್ತು ಮನೆಗೆ ಬಂದಾಗ ನೋವಿನಿಂದ ನರಳುತ್ತಿದ್ದರು. ನೀರು ಕುಡಿಸಿ, ಅವರ ಕಿವಿಯ ಹಿಂದೆ ಅಂಗೈ ಇಟ್ಟು, “ಹೆದರ್ಬೇಡಿ, ನಾನಿದ್ದೇನೆ” ಎಂದೆ.

ನರಳಾಟ ನಿಂತಿತು. ಆಮೇಲೆ ಅವರ ಕಣ್ಣು ನಿಧಾನವಾಗಿ ನನ್ನ ಇನ್ನೊಂದು ಕೈಯನ್ನು ಹುಡುಕಿತು.